ಮಗುವಿನ ಕೈಗೆ ಬಂದ ಉಪಕರಣಗಳು

ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಅವರು 1822ನೆಯ ಇಸವಿಯಲ್ಲಿ, ತಮ್ಮ ಆಡಳಿತಕ್ಕೆ ಒಳಪಟ್ಟ ಜಿಲ್ಲೆಗಳಲ್ಲಿ ದೇಶೀಯರ ವಿದ್ಯಾಭ್ಯಾಸವು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ವಿಚಾರಿಸಿ ವರದಿ ಮಾಡುವಂತೆ ಕಲೆಕ್ಟರುಗಳಿಗೆ ಆಜ್ಞೆ ಮಾಡಿದಾಗ, ಅವರಲ್ಲಿ ಹಲವರು ಅಂಕಿಗಳ ಪಟ್ಟಿಯೊಂದನ್ನು ತುಂಬಿ ಕಳುಹಿಸಿ ತಮ್ಮ ಕೆಲಸ ತೀರಿತೆಂದು ಭಾವಿಸಿದರು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಸಾಹೇಬರಾದರೋ, ತೆಲುಗು ವ್ಯಾಕರಣವೊಂದನ್ನು ರಚಿಸಿದ್ದ ಭಾಷಾಸಕ್ತರಾದುದರಿಂದಲೋ ಏನೋ, 1823ನೆಯ ಆಗಸ್ಟ್ 17ರಂದು ಬರೆದ ವರದಿಯಲ್ಲಿ ಅಂಕಿಗಳಷ್ಟಕ್ಕೇ ತೃಪ್ತರಾಗದೆ, ಊರ ಮಠಕ್ಕೆ, ಎಂದರೆ ದೇಶೀಯ ಪಾಠಶಾಲೆಗೆ, ಹೋಗುವ ಹುಡುಗನು ಹೊತ್ತು ಮೂಡಿದಾಗಿನಿಂದ ಏನೇನು ಮಾಡುತ್ತಾನೆ, ಯಾವುದರ ಮೇಲೆ ಬರೆಯುತ್ತಾನೆ, ಯಾವುದರಿಂದ ಬರೆಯುತ್ತಾನೆ, ತಪ್ಪಿದರೆ ಯಾವ ಶಿಕ್ಷೆಯನ್ನು ಅನುಭವಿಸುತ್ತಾನೆ ಎಂಬುದನ್ನೆಲ್ಲ ಸಾವಧಾನವಾಗಿ ವರ್ಣಿಸಿದರು. ಅವರ ಲೆಕ್ಕದಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂದು ಮಕ್ಕಳ ಕೈಯಲ್ಲಿರುವ ಮೊಬೈಲನ್ನು ಕುರಿತು ಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ನಡೆಯುತ್ತಿರುವ ಚರ್ಚೆಗೆ ಇನ್ನೂರು ವರ್ಷಗಳ ಹಿಂದಿನ ಈ ವರದಿಗಿಂತ ಉಪಯುಕ್ತವಾದ ಪೀಠಿಕೆಯನ್ನು ನಾನು ಕಾಣೆ. ಏಕೆಂದರೆ ವಿದ್ಯೆಯ ಉಪಕರಣವೊಂದು ಮಗುವಿನ ಕೈಗೆ ಬರುವಾಗ ಅದನ್ನು ಕೊಡುವವರಾರು, ಯಾವ ವಯಸ್ಸಿಗೆ, ಯಾರ ಎದುರಿನಲ್ಲಿ, ಎಷ್ಟು ಹೊತ್ತಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಸ್ಪಷ್ಟವಾದ ಉತ್ತರವಿದೆ.

ಮಗುವಿಗೆ ಐದು ವರ್ಷ ತುಂಬಿದೊಡನೆ ಅದರ ಮನೆಗೆ ಮಠದ ಉಪಾಧ್ಯಾಯರನ್ನೂ ಅಲ್ಲಿ ಓದುತ್ತಿದ್ದ ಹುಡುಗರೆಲ್ಲರನ್ನೂ ಕರೆಯುವುದು ಅಂದಿನ ವಾಡಿಕೆಯಾಗಿದ್ದಿತು. ಗಣಪತಿಯ ವಿಗ್ರಹದ ಸುತ್ತ ಅವರೆಲ್ಲರೂ ವೃತ್ತಾಕಾರವಾಗಿ ಕುಳಿತುಕೊಳ್ಳುವರು. ಅಕ್ಷರಾಭ್ಯಾಸ ಮಾಡಬೇಕಾದ ಮಗುವನ್ನು ದೇವರಿಗೆ ಎದುರಾಗಿ ಕೂರಿಸಿ, ಉಪಾಧ್ಯಾಯರು ಅದರ ಪಕ್ಕದಲ್ಲಿ ಕುಳಿತು, ಧೂಪ ನೈವೇದ್ಯಗಳನ್ನು ಅರ್ಪಿಸಿ, ವಿದ್ಯೆಯನ್ನು ದಯಪಾಲಿಸೆಂಬ ಪ್ರಾರ್ಥನೆಯನ್ನು ಮಗುವಿನ ಬಾಯಿಂದ ಹೇಳಿಸಿ, ಅದರ ಬೆರಳನ್ನು ತಾವೇ ಹಿಡಿದು ಹರಡಿದ ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುವರು. ತಂದೆತಾಯಿಗಳು ಕೊಟ್ಟ ಕಾಣಿಕೆಯನ್ನು ಸ್ವೀಕರಿಸಿ ಅವರು ಹೊರಟುಹೋದ ಮರುದಿನ ಬೆಳಗ್ಗೆ ಮಗುವಿನ ವಿದ್ಯಾಭ್ಯಾಸ ಮೊದಲಾಗುವುದು. ಈ ವಿಧಿಯಲ್ಲಿ ಭಕ್ತಿಯ ಅಂಶವೆಷ್ಟೋ ಲೋಕವ್ಯವಹಾರದ ಅಂಶವೂ ಅಷ್ಟೇ ಇದ್ದಿತೆಂಬುದನ್ನು ಗಮನಿಸಬೇಕು. ಇನ್ನು ಮುಂದೆ ಈ ಮಗುವು ಯಾರ ಆಶ್ರಯದಲ್ಲಿ ಕಲಿಯುವುದು, ಯಾರ ಜೊತೆಯಲ್ಲಿ ಕಲಿಯುವುದು ಎಂಬುದು ಮನೆಯವರಿಗೂ ಗುರುವಿಗೂ ಸಹಪಾಠಿಗಳಿಗೂ ಅಂದೇ ಗೊತ್ತಾಗುತ್ತಿದ್ದಿತು. ಮಗುವು ಅಕ್ಷರಲೋಕವನ್ನು ಏಕಾಕಿಯಾಗಿ ಪ್ರವೇಶಿಸುತ್ತಿರಲಿಲ್ಲ.

ಮಠದಲ್ಲಿ ದೊರೆಯುತ್ತಿದ್ದ ಸಲಕರಣೆಗಳಿಗೂ ಒಂದು ಕ್ರಮವಿದ್ದಿತು. ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತಿದ್ದುವುದು. ಮರಳಿನಲ್ಲಿ ಕೈ ಕುದುರಿದ ಮೇಲೆಯೇ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದಲೋ, ಕಾಗದದ ಮೇಲೆ ಲೆಕ್ಕಣಿಕೆಯಿಂದಲೋ, ಹಲಗೆಯ ಮೇಲೆ ಅಥವಾ ಕಡತದ ಮೇಲೆ ಬಳಪದಿಂದಲೋ ಬರೆಯುವ ಅಧಿಕಾರ ಹುಡುಗನಿಗೆ ಪ್ರಾಪ್ತವಾಗುವುದು. ಬಳ್ಳಾರಿಯ ಸೀಮೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದವು ಕೊನೆಯ ಇವೆರಡೇ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ಪಟ್ಟಿ. ಅದನ್ನು ನಯವಾಗಿ ತೋಪಡ ಹೊಡೆದು, ಸ್ವಲ್ಪ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಬಳಿದರೆ ಬರೆಯಲು ಸಿದ್ಧವಾಗುತ್ತಿದ್ದಿತು. ಕಡತವು ಬಟ್ಟೆಯಿಂದ ಆದದ್ದು: ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಅದಕ್ಕೆ ಇದ್ದಿಲನ್ನೂ ಕೆಲವು ಬಗೆಯ ಅಂಟುಗಳನ್ನೂ ಕಲಸಿದ ಲೇಪವನ್ನು ಕೊಡುವರು. ಎರಡರ ಮೇಲಿನ ಬರೆವಣಿಗೆಯನ್ನೂ ಒದ್ದೆಯ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಹಲಗೆಗೆ ಬೇಕಾದ ಅನ್ನ, ಇದ್ದಿಲುಗಳು ಬಡವನ ಅಡಿಗೆಯ ಮನೆಯಲ್ಲಿಯೂ ದೊರೆಯತಕ್ಕವೇ. ಮಸಿ ಆರಿ ಬಳಿದದ್ದು ಸವೆದರೆ ಮತ್ತೆ ಬಳಿದುಕೊಳ್ಳುವ ಕೆಲಸ ವಿದ್ಯಾರ್ಥಿಗೇ ಸೇರಿದ್ದು. ತಾನು ಬಳಸುವ ಸಾಧನ ಯಾವುದರಿಂದ ಆಯಿತು, ಕೆಟ್ಟರೆ ಅದನ್ನು ಸರಿಮಾಡುವುದು ಹೇಗೆ ಎಂಬುದನ್ನು ತಿಳಿಯದೆ ಬಳಸುವ ಸಂಭವವೇ ಅವನಿಗಿರಲಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ಹಿಂದಿನ ಮಠವು ಮಕ್ಕಳ ಪಾಲಿಗೆ ಸ್ವರ್ಗವಾಗಿದ್ದಿತೆಂದು ಯಾರೂ ತಿಳಿಯಬಾರದು. ಬೆಳಗಿನ ಆರು ಗಂಟೆಗೆ ಶಾಲೆ ತೆರೆಯುತ್ತಿದ್ದಿತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲವೆಂಬುದಕ್ಕೆ ಗುರುತಾಗಿ ಒಂದು ಸೊನ್ನೆ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವರಿಗೆ ಒಬ್ಬೊಬ್ಬರಿಗೂ ಒಂದೊಂದು ಏಟು ಹೆಚ್ಚು. ಸೋಮಾರಿಯಾದವನಿಗೆ ಛಡಿಯೇಟು ಬೀಳುವುದಲ್ಲದೆ, ಎರಡು ಕೈಗಳನ್ನೂ ಕಟ್ಟಿ ಮಾಡಿನ ತೊಲೆಗೆ ತೂಗುಹಾಕುವುದೂ, ಎಡೆಬಿಡದೆ ಬಸ್ಕಿ ಹೊಡೆಸುವುದೂ ಉಂಟು. ಕೋದಂಡವೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದು ಇಂಥ ತೂಗಾಟವನ್ನೇ. ಬಾಯಿಪಾಠ ಮಾಡಿದ ಗ್ರಂಥಗಳ ಅರ್ಥ ಬಹುಪಾಲು ವಿದ್ಯಾರ್ಥಿಗಳಿಗೆ ತಿಳಿಯುತ್ತಿರಲಿಲ್ಲವೆಂದೂ ಕ್ಯಾಂಪ್‌ಬೆಲ್ ಸಾಹೇಬರು ಬರೆದಿದ್ದಾರೆ. ಎಲ್ಲಕ್ಕಿಂತ ವ್ಯಸನಕರವಾದ ಸಂಗತಿಯೆಂದರೆ, ಆ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಕೇವಲ 60. ಆದುದರಿಂದ ಹಿಂದಿನದೆಲ್ಲ ಚೆನ್ನ, ಇಂದಿನದೆಲ್ಲ ಕೆಡುಕು ಎಂಬ ವಾದಕ್ಕೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ನಾವು ಇಲ್ಲಿಂದ ಎತ್ತಿಕೊಳ್ಳಬೇಕಾದದ್ದು ಒಂದೇ ಅಂಶ: ಶಿಸ್ತು ಕಠೋರವಾಗಿದ್ದರೂ ಅನ್ಯಾಯವಾಗಿದ್ದರೂ, ಉಪಕರಣದ ಬಳಕೆಗೆ ಸಂಬಂಧಿಸಿದ ಹೊಣೆಯನ್ನು ಮಗುವಿನ ತಲೆಯ ಮೇಲೆ ಹೊರಿಸಿ ಹಿರಿಯರು ದೂರ ಸರಿದಿರಲಿಲ್ಲ. ಕೆಳಗಿನ ವರ್ಗದವರನ್ನು ಮೇಲಿನ ವರ್ಗದ ಹುಡುಗರು ತಿದ್ದುವರು, ಅವರೆಲ್ಲರ ಮೇಲೆ ಗುರುವಿನ ದೃಷ್ಟಿಯಿರುವುದು. ಮದರಾಸಿನ ಎಗ್ಮೂರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಈ ದೇಶದ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಒಬ್ಬರು ಮತ್ತೊಬ್ಬರಿಗೆ ಕಲಿಸುವ ಪದ್ಧತಿಯನ್ನು ತನ್ನ ಶಾಲೆಯಲ್ಲಿ ಬೆಳೆಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದ್ದನ್ನೂ, ಅದು ಅಲ್ಲಿ ಮದರಾಸ್ ಪದ್ಧತಿಯೆಂಬ ಹೆಸರಿನಿಂದಲೇ ಪ್ರಚುರವಾದುದನ್ನೂ ಇಲ್ಲಿ ಸ್ಮರಿಸಬಹುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಠಗಳು ಕ್ಷೀಣಿಸಿ ಸರಕಾರದ ಶಾಲೆಗಳು ಎದ್ದವು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಮೊದಲಾಯಿತು; ಧಾರವಾಡದ ಕಡೆಗೆ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ಅಲೆದು ಕನ್ನಡ ಶಾಲೆಗಳನ್ನು ಕಟ್ಟಿದರು. ಹಲಗೆ ಕಡತಗಳ ಸ್ಥಾನಕ್ಕೆ ಕಲ್ಲಿನ ಸ್ಲೇಟು ಬಂದಿತು. ಉತ್ತರದ ಜಿಲ್ಲೆಗಳವರಿಗೆ ಅದು ಪಾಟಿ. ಆಂಧ್ರದ ಮಾರ್ಕಾಪುರದ ಕಡೆಯ ಗಣಿಗಳಿಂದ ಬಂದ ಕಲ್ಲಿಗೆ ಮರದ ಚೌಕಟ್ಟು ಹಾಕಿದ ಈ ಸ್ಲೇಟು ಹಲವು ತಲೆಮಾರುಗಳ ಕನ್ನಡದ ಮಕ್ಕಳನ್ನು ಬರೆಯುವಂತೆ ಮಾಡಿತು. ಎಂಜಲು ಹಚ್ಚಿ ಒರೆಸಿದರೆ ಮೇಷ್ಟ್ರು ಗದರುವರೆಂದು ಮಲೆನಾಡಿನ ಮಕ್ಕಳು ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಬೆಳೆಯುವ ಗಿಡಗಳ ನೀರು ತುಂಬಿದ ಕಾಂಡವನ್ನು ಚಿವುಟಿ ತಂದು ಸ್ಲೇಟನ್ನು ಉಜ್ಜುತ್ತಿದ್ದರು. ಮನೆಗೂ ಶಾಲೆಗೂ ನಡುವೆ ಚೀಲದಲ್ಲಿ ಓಡಾಡಿದ ಮೊದಲ ಉಪಕರಣ ಸ್ಲೇಟೇ ಇರಬೇಕು. ಆದರೂ ಅದರಿಂದ ಯಾರಿಗೂ ಚಿಂತೆ ಹುಟ್ಟಲಿಲ್ಲ, ಕಾರಣವು ಸರಳವಾದದ್ದು. ಸ್ಲೇಟಿನ ಮೇಲೆ ಮಗುವು ಬರೆದದ್ದಲ್ಲದೆ ಬೇರೆ ಯಾವುದೂ ಮೂಡುವಂತಿರಲಿಲ್ಲ. ತಾನಾಗಿ ಮಾತನಾಡುವ ಸಾಧನ ಶಾಲೆಗೆ ಬರಲು ಇನ್ನೂ ಹಲವು ದಶಕಗಳು ಹಿಡಿದವು.

ಅಂಥ ಸಾಧನಗಳಲ್ಲಿ ಮೊದಲನೆಯದು ರೇಡಿಯೋ. ಕನ್ನಡನಾಡಿನಲ್ಲಿ ಅದರ ಪ್ರಾರಂಭವು ಒಬ್ಬ ಮನಶ್ಶಾಸ್ತ್ರಜ್ಞರ ಮನೆಯಲ್ಲಿ ಆಯಿತೆಂಬುದು ನಮ್ಮ ವಿಷಯಕ್ಕೆ ಬಹಳ ಸಮೀಪವಾದ ಸಂಗತಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದ, ಅಲ್ಪ ಶಕ್ತಿಯ ಪ್ರೇಷಕ ಯಂತ್ರವೊಂದನ್ನು ಹೂಡಿ, ಪ್ರಸಾರವನ್ನು ಆರಂಭಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಸ್ವೀಕರಿಸಿತು. ಮಕ್ಕಳ ಶಿಕ್ಷಣದಲ್ಲಿ ಅವರಿಗಿದ್ದ ಆಸ್ಥೆಗೆ ಸಾಕ್ಷಿಯಾಗಿ ಮೈಸೂರಿನ ಶಿಶುವಿಹಾರವೊಂದು ಅವರ ಹೆಸರನ್ನು ಹೊತ್ತಿದೆ. ಧಾರವಾಡದ ನಿಲಯ 1950ರಲ್ಲಿ ತೆರೆಯಿತು, ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಬಂದಿತು. ಮುಂದೆ ಶಾಲೆಗಳಿಗೆಂದೇ ಪಾಠಗಳ ಪ್ರಸಾರ ನಡೆದು, ಈ ಶತಮಾನದ ಮೊದಲ ದಶಕದಲ್ಲಿ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಕಾರ್ಯಕ್ರಮಗಳು ಸರಕಾರಿ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದವು. ಇಂಥ ಪಾಠದ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳತಕ್ಕದ್ದುಂಟು. ರೇಡಿಯೋದ ಧ್ವನಿಯು ಒಂದು ಪ್ರಶ್ನೆಯನ್ನು ಕೇಳಿ, ಮಕ್ಕಳು ಉತ್ತರ ಹೇಳುವಷ್ಟು ಹೊತ್ತು ಸುಮ್ಮನಾಗುವುದು; ಚಪ್ಪಾಳೆ ತಟ್ಟಿರೆನ್ನುವುದು, ಎದ್ದು ಕುಣಿಯಿರೆನ್ನುವುದು, ಪಕ್ಕದವರಿಗೆ ಹೇಳಿರೆನ್ನುವುದು, ಮೇಷ್ಟ್ರು ಕರಿಹಲಗೆಯ ಮೇಲೆ ಇಂಥದನ್ನು ಬರೆಯಲೆಂದು ಬೇಡುವುದು. ಪಾಠ ಮುಗಿದೊಡನೆ ಪೆಟ್ಟಿಗೆ ಮೌನವಾಗುವುದು. ಅದರಲ್ಲಿ ಏನು ಕೇಳಿದಿರೆಂದು ಮೇಷ್ಟ್ರು ಮಾತನ್ನು ಮುಂದುವರಿಸುವರು. ಯಂತ್ರಕ್ಕೆ ಆರಂಭವೂ ಅಂತ್ಯವೂ ಇದ್ದವು, ಅದರ ಎರಡು ಪಕ್ಕಗಳಲ್ಲಿಯೂ ಮನುಷ್ಯನಿದ್ದನು.

ದೂರದರ್ಶನವು ನಮ್ಮ ಹಳ್ಳಿಯ ಶಾಲೆಯನ್ನು ಸೇರಿದ ಕಥೆ ಇದಕ್ಕಿಂತಲೂ ಆಶ್ಚರ್ಯಕರ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಒಂದು ವರ್ಷ ಕಾಲ, ಅಮೆರಿಕದವರಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರಗಳನ್ನು ಕಳುಹಿಸುವ ಪ್ರಯೋಗ ನಡೆಯಿತು. ಜನರು ಇಂದಿಗೂ ಅದನ್ನು ‘ಸೈಟ್’ ಎಂಬ ಅದರ ಸಂಕ್ಷಿಪ್ತ ನಾಮದಿಂದಲೇ ಕರೆಯುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಆರಿಸಲ್ಪಟ್ಟ ಹಳ್ಳಿಗಳು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಬೆಂಗಳೂರಿನ ಶ್ರೀಮಂತರ ಮನೆಗಳಲ್ಲಿಯೂ ಟಿವಿ ಇಲ್ಲದಿದ್ದ ಕಾಲದಲ್ಲಿ, ವಿದ್ಯುತ್ತು ಆಗತಾನೆ ಬಂದಿದ್ದ ಈ ಬಯಲುಸೀಮೆಯ ಶಾಲೆಗಳ ಮಾಡಿನ ಮೇಲೆ, ಹತ್ತಡಿ ವ್ಯಾಸದ ತಂತಿಬಲೆಯ ಬೋಗುಣಿಗಳು ಆಕಾಶದ ಕಡೆಗೆ ಬಾಯಿ ತೆರೆದು ನಿಂತವು. ಮುಂಜಾನೆಯ ಪ್ರಸಾರವು ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮೀಸಲು. ನಾಲ್ಕು ಭಾಷೆಗಳಿಗೆ ಒಟ್ಟು ಒಂದೂವರೆ ಗಂಟೆಯಾದುದರಿಂದ, ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಅಷ್ಟರಲ್ಲಿಯೇ ಹೈದರಾಬಾದಿನ ಕೇಂದ್ರದಲ್ಲಿ ತಯಾರಾದ ಕನ್ನಡದ ಚಿತ್ರಗಳೂ, ಮುಂಬಯಿಯಲ್ಲಿ ಬಾಹ್ಯಾಕಾಶ ಸಂಸ್ಥೆಯವರು ಮಾಡಿದ ವಿಜ್ಞಾನದ ಚಿತ್ರಗಳೂ ಬರುತ್ತಿದ್ದವು. ಪೆಟ್ಟಿಗೆಯನ್ನು ಕಾಯುವ, ಹೊತ್ತಿಗೆ ಸರಿಯಾಗಿ ಹಚ್ಚುವ, ಆರಿಸಿ ಬೀಗ ಹಾಕುವ ಕೆಲಸಕ್ಕೆ ಒಬ್ಬರು ನೇಮಕವಾಗಿದ್ದರು. ಅನೇಕ ಊರುಗಳಲ್ಲಿ ಅವರು ಶಾಲೆಯ ಮಾಸ್ತರರೇ.

ಪ್ರಯೋಗದ ಪರಿಣಾಮಗಳನ್ನು ಪರಿಶೀಲಿಸಿದ ಪಂಡಿತರು ಹೇಳಿದ್ದು ಸಮತೋಲವಾದ ಮಾತು. ಟಿವಿಯಿಂದ ಶಾಲೆಯ ಹಾಜರಿ ಹೆಚ್ಚಿದಂತೆ ಕಾಣಲಿಲ್ಲ. ಆದರೆ ನೋಡಿದ ಮಕ್ಕಳ ಭಾಷೆ ಬೆಳೆದಿದ್ದಿತು, ಬೇರೆ ಬೇರೆ ಮೂಲಗಳಿಂದ ವಿಷಯಗಳನ್ನು ತಿಳಿದುಕೊಳ್ಳುವ ಕುತೂಹಲ ಹೆಚ್ಚಿದ್ದಿತು. ಒಂದು ವರ್ಷ ಮುಗಿದೊಡನೆ ಉಪಗ್ರಹವು ಹೊರಟುಹೋಯಿತು, ಪೆಟ್ಟಿಗೆಗಳು ಕತ್ತಲಾದವು. ಗುಲ್ಬರ್ಗಕ್ಕೆ 1977ರಲ್ಲಿ ಪ್ರಸಾರ ಕೇಂದ್ರ ಬಂದಿತು. ರಾಜಧಾನಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದು ಬಂದಾಗ ಶಾಲೆಯ ಮೂಲಕ ಬರಲಿಲ್ಲ, ಅಂಗಡಿಯ ಮೂಲಕ ನೇರವಾಗಿ ನಡುಮನೆಗೆ ಬಂದಿತು. ಮಗುವಿನ ಮುಂದಿರುವ ಪರದೆಗೆ ಗಳಿಗೆಯನ್ನು ಗೊತ್ತುಮಾಡುವ ಅಧಿಕಾರವು ಮೇಷ್ಟರ ಕೈಯಿಂದ ಜಾರಿ ಮನೆಯವರ ಕೈಗೆ ಹೋದದ್ದು ಅಂದು. ಆದರೂ ನಡುಮನೆಯಲ್ಲಿ ಅಜ್ಜಿ, ತಾಯಿ, ಅಕ್ಕತಂಗಿಯರು ಇರುತ್ತಿದ್ದರು. ಮಗುವು ಏನನ್ನು ನೋಡುತ್ತಿದೆಯೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

ಗಣಕಯಂತ್ರವನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. 1984ರಲ್ಲಿ ಕೇಂದ್ರ ಸರಕಾರದ ‘ಕ್ಲಾಸ್’ ಯೋಜನೆಯಲ್ಲಿ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳು ಈ ದೇಶದ ಆಯ್ದ ಪ್ರೌಢಶಾಲೆಗಳಿಗೆ ಬಂದವು. 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ನಮ್ಮ ಸರಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ಕೊಟ್ಟಿತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದ ಪಾಠಗಳನ್ನು ಪ್ರಾಥಮಿಕ ಶಾಲೆಗಳಿಗೆ ಮುಟ್ಟಿಸುವ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆ ಆಯ್ಕೆಯಾಗಿ, ಅಲ್ಲಿನ ಎಂಟು ನೂರಕ್ಕೂ ಮಿಕ್ಕಿದ ಶಾಲೆಗಳಿಗೆ ಅದು ವಿಸ್ತರಿಸಿತು. ಕಂಪ್ಯೂಟರ್ ಕೋಣೆಯ ಆಚಾರಗಳನ್ನು ಆ ಕಾಲದ ವಿದ್ಯಾರ್ಥಿಗಳು ಮರೆತಿರಲಾರರು: ಚಪ್ಪಲಿಯನ್ನು ಹೊರಗೆ ಬಿಡುವುದು, ಧೂಳು ಹಿಡಿಯದಂತೆ ಹೊದಿಸಿದ ಬಟ್ಟೆಯನ್ನು ಮಡಿಸಿಡುವುದು, ಒಂದು ಯಂತ್ರದ ಮುಂದೆ ಮೂವರು ನಾಲ್ವರು ಒತ್ತಿಕೊಂಡು ಕೂರುವುದು, ಮೌಸಿಗಾಗಿ ಸರದಿ ಕಾಯುವುದು. ವಿದ್ಯುತ್ತು ಹೋದರೆ ಅಂದಿನ ಪಾಠವೇ ಹೋಯಿತು. ಬಡತನದಿಂದ ಹುಟ್ಟಿದ ಈ ಹಂಚಿಕೆಗೆ ಯಾರೂ ಶಿಕ್ಷಣತತ್ತ್ವದ ಹೆಸರನ್ನು ಕೊಡಲಿಲ್ಲ. ಕೊಡಬಹುದಾಗಿದ್ದಿತೆಂದು ಈಗ ತೋರುತ್ತದೆ.

ಇಷ್ಟು ಕಾಲ ಅವಿಚ್ಛಿನ್ನವಾಗಿ ನಡೆದುಬಂದಿದ್ದ ಕ್ರಮವು ಒಮ್ಮೆಗೇ ಕಡಿದುಬಿದ್ದದ್ದು 2020ರಲ್ಲಿ. ಮಾರ್ಚ್ ತಿಂಗಳಿನಲ್ಲಿ ಮಹಾವ್ಯಾಧಿಯ ಕಾರಣದಿಂದ ಶಾಲೆಗಳು ಮುಚ್ಚಿದವು. ಜೂನ್ ತಿಂಗಳ ಹೊತ್ತಿಗೆ ನಗರದ ಖಾಸಗಿ ಶಾಲೆಗಳು ಶಿಶುವರ್ಗದ ಮಕ್ಕಳನ್ನೂ ಗಂಟೆಗಟ್ಟಲೆ ಮೊಬೈಲಿನ ಮುಂದೆ ಕೂರಿಸಲು ಆರಂಭಿಸಿದವು. ಕೆಲವು ದಿನಗಳ ಹಿಂದಿನ ವರೆಗೆ ಅದೇ ಮಕ್ಕಳಿಗೆ ಮೊಬೈಲ್ ಕೊಡಬೇಡಿರೆಂದು ಪೋಷಕರಿಗೆ ಬುದ್ಧಿ ಹೇಳುತ್ತಿದ್ದವರೂ ಅವರೇ. ಜೂನ್ 10ರಂದು ರಾಜ್ಯ ಸರಕಾರವು ಐದನೆಯ ತರಗತಿಯ ವರೆಗೂ, ಅದರ ಬೆನ್ನಿಗೇ ಏಳನೆಯ ತರಗತಿಯ ವರೆಗೂ, ಆನ್‌ಲೈನ್ ಪಾಠಗಳನ್ನು ನಿಷೇಧಿಸುವುದಾಗಿ ಸಾರಿತು, ಪ್ರೊಫೆಸರ್ ಎಂ. ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಪೋಷಕರು ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಜುಲೈ 8ರಂದು ರಾಜ್ಯದ ಹೈಕೋರ್ಟು, ಇಂಥ ನಿಷೇಧವು ಜೀವಿಸುವ ಹಕ್ಕಿಗೂ ಶಿಕ್ಷಣದ ಹಕ್ಕಿಗೂ ಮೇಲ್ನೋಟಕ್ಕೆ ವಿರುದ್ಧವೆಂದು ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳ 14ರಂದು ಕೇಂದ್ರ ಸರಕಾರ ಹೊರಡಿಸಿದ ‘ಪ್ರಜ್ಞಾತಾ’ ಎಂಬ ಮಾರ್ಗದರ್ಶಿಯು, ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಪಾಠಗಳನ್ನು ಮೀರಬಾರದೆಂದೂ, ಶಿಶುವರ್ಗದ ವಿಷಯದಲ್ಲಿ ಪೋಷಕರೊಡನೆ ಮಾತನಾಡಲು 30 ನಿಮಿಷ ಸಾಕೆಂದೂ ವಿಧಿಸಿತು. ನಿಮಿಷಗಳ ಲೆಕ್ಕವು ಮತ್ತೆ ಕಾಣಿಸಿಕೊಂಡಿತು. ಆದರೆ ಈ ಸಲ ಅದನ್ನು ಕಾಯಲು ಮಗುವಿನ ಪಕ್ಕದಲ್ಲಿ ಯಾರಿರುವರೆಂಬುದು ಮನೆಯಿಂದ ಮನೆಗೆ ಬೇರೆಯಾಗಿದ್ದಿತು. ದಿನಗೂಲಿಗೆ ಹೋಗುವ ತಾಯಿಯ ಮನೆಯಲ್ಲಿ ಯಾರೂ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಮೊಬೈಲೇ ಇರಲಿಲ್ಲ. ಸುಳ್ಯದ ಕಡೆಯ ಕಾಡುಹಾದಿಯೊಂದರಲ್ಲಿ, ಸಿಗ್ನಲ್ ಸಿಕ್ಕ ತಾಣದಲ್ಲಿ ಕುಳಿತು ಪಾಠ ಕೇಳುತ್ತಿದ್ದ ಪ್ರೌಢಶಾಲೆಯ ಹುಡುಗಿಯ ತಲೆಯ ಮೇಲೆ, ಸುರಿಯುವ ಮಳೆಯಲ್ಲಿ ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ಮರುವರ್ಷ ನಾಡೆಲ್ಲ ನೋಡಿತು.

ಆ ಸಂದರ್ಭದಲ್ಲಿ ಸರಕಾರಿ ಶಾಲೆಗಳು ತುಳಿದ ದಾರಿ ಬೇರೆ. 2020ರ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಮೊಬೈಲಿಲ್ಲದವರು, ಸಾದಾ ಫೋನ್ ಇದ್ದವರು, ಇಂಟರ್ನೆಟ್ ಇದ್ದವರು ಎಂದು ಮಕ್ಕಳನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಾಗಿ ವಿಂಗಡಿಸಿ, ಗುಡಿಯ ಜಗಲಿ, ಸಮುದಾಯ ಭವನ, ಅರಳಿಕಟ್ಟೆ, ಮರದ ನೆರಳು ಎಲ್ಲಿ ಸ್ಥಳ ದೊರೆಯಿತೋ ಅಲ್ಲಿ ಪಾಠ ನಡೆಸಿದರು. ಸೋಂಕು ಹಬ್ಬುವ ಭಯದಿಂದ ಅಕ್ಟೋಬರಿನಲ್ಲಿ ಅದು ತಾತ್ಕಾಲಿಕವಾಗಿ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಯ ಒಳಗೆ ಮತ್ತೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು, ಹೆಚ್ಚುಕಡಿಮೆ ಹತ್ತೊಂಬತ್ತು ತಿಂಗಳ ಬಳಿಕ. ಆರನೆಯ ವಯಸ್ಸಿನಲ್ಲಿ ಮನೆ ಸೇರಿದ ಮಗುವು ಏಳೂವರೆಯಾಗಿ ಹಿಂದಿರುಗಿದ್ದಿತು. ಅಷ್ಟರಲ್ಲಿ ಮೊಬೈಲು ಪಾಠದ ಉಪಕರಣವೆಂಬ ಮುದ್ರೆಯನ್ನು ಪಡೆದು ಅದರ ಕೈಯಲ್ಲಿ ನೆಲೆಗೊಂಡಿದ್ದಿತು. ಪಾಠದ ಹೆಸರಿನಲ್ಲಿ ಬಂದದ್ದು ಆಟದ ಹೆಸರಿನಲ್ಲಿ, ಊಟದ ಹೆಸರಿನಲ್ಲಿ, ಹಠ ಬಿಡಿಸುವ ಹೆಸರಿನಲ್ಲಿ ಉಳಿಯಿತು.

ಮೊಬೈಲಿನ ವಿಶೇಷವಾದ ಅಪಾಯವು ಯಾವುದೆಂಬುದು ಈ ಪೂರ್ವಚರಿತ್ರೆಯನ್ನು ನೋಡಿದವರಿಗೆ ಒಡನೆಯೇ ತಿಳಿಯುತ್ತದೆ. ಹಿಂದಿನ ಉಪಕರಣಗಳೆಲ್ಲವೂ ಹಲವರ ನಡುವೆ ಬಳಸತಕ್ಕವು, ಇದು ಒಬ್ಬರ ಅಂಗೈಗೆ ಅಳತೆಯಾದದ್ದು. ರೇಡಿಯೋ ಪಾಠಕ್ಕೆ ಮುಕ್ತಾಯವಿದ್ದಿತು, ಒಂದು ಚಿತ್ರ ಮುಗಿದೊಡನೆ ಇನ್ನೊಂದನ್ನು ತಾನಾಗಿ ತಂದು ಮುಂದಿಡುವ ಇದಕ್ಕೆ ಮುಕ್ತಾಯವೆಂಬುದೇ ಇಲ್ಲ. ಸೈಟಿನ ಚಿತ್ರಗಳನ್ನು ಮಾಡಿದವರಿಗೆ ಮಗುವು ಕಲಿಯಲಿ ಎಂಬ ಇಚ್ಛೆಯಿದ್ದಿತು, ಇದರೊಳಗಿನ ಬಹುಪಾಲು ಚಿತ್ರಗಳನ್ನು ಒಡ್ಡುವವರಿಗೆ ಮಗುವು ಎದ್ದುಹೋಗದಿರಲಿ ಎಂಬುದೇ ಇಚ್ಛೆ. ಇಂಥ ಸಾಧನವನ್ನು ಏಳೆಂಟು ವರ್ಷದ ಮಗುವಿಗೆ ಕೊಟ್ಟು, ಇದನ್ನು ವಿವೇಕದಿಂದ ಬಳಸು ಎಂದು ಉಪದೇಶಿಸುವುದು ಮಗುವಿಗೆ ಮಾಡುವ ಅನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಭಾರತೀಯ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಎರಡು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡ, ಐದರ ವರೆಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಐದರಿಂದ ಹತ್ತರ ವರೆಗೆ ಎರಡು ಗಂಟೆಗಿಂತ ಕಡಿಮೆಯಿರಲಿ ಎಂದು ಹೇಳಿದೆ. ನಿದ್ದೆ, ಆಟ, ಓದು, ಮನೆಯವರೊಡನೆ ಮಾತು ಇವುಗಳಿಗೆ ಸಲ್ಲಬೇಕಾದ ಹೊತ್ತು ಮೊದಲು ಸಲ್ಲಲಿ ಎಂಬುದೇ ಈ ಎಣಿಕೆಯ ತಾತ್ಪರ್ಯ.

ಆದರೆ ವೈದ್ಯರು ಗೊತ್ತುಮಾಡಿದ ಗಂಟೆಯನ್ನು ಮನೆಯಲ್ಲಿ ಜಾರಿಗೆ ತರುವವರಾರು? ಇದಕ್ಕೆ ಉತ್ತರವನ್ನು ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡು ಕಡೆಯ ಹಳ್ಳಿಗಳು ತಾವಾಗಿ ಹುಡುಕಿಕೊಂಡಿವೆ. ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನಲ್ಲಿ 2022ರಲ್ಲಿ, ಮಹಾವ್ಯಾಧಿಯ ಕಾಲದಲ್ಲಿ ಮಕ್ಕಳಿಗೆ ಅಂಟಿದ ಮೊಬೈಲಿನ ಚಟವನ್ನು ಕಂಡು, ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗಿದೊಡನೆ ಊರಿನವರೆಲ್ಲರೂ ಮೊಬೈಲು ಟಿವಿಗಳನ್ನು ಆರಿಸಿ, ಎಂಟೂವರೆಯ ವರೆಗೆ ಮಕ್ಕಳ ಓದಿಗೂ ಮಾತುಕತೆಗೂ ಹೊತ್ತು ಬಿಡಬೇಕೆಂದು ನಿರ್ಣಯ ಮಾಡಿದರು. ಆ ಜಿಲ್ಲೆಯ ಇತರ ಊರುಗಳಿಗೂ ಹಬ್ಬಿದ ಈ ಪದ್ಧತಿಯನ್ನು 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿಯ ಹಲಗಾ ಗ್ರಾಮವು ಕೈಗೊಂಡು, ಏಳರಿಂದ ಒಂಬತ್ತರ ವರೆಗಿನ ಎರಡು ಗಂಟೆಗಳನ್ನು ಇದಕ್ಕೆ ಮೀಸಲಿಟ್ಟಿತು. ಈ ನಿಯಮದ ಗುಣವಿರುವುದು ಅದು ಮಕ್ಕಳಿಗೆ ಮಾತ್ರ ವಿಧಿಸಲ್ಪಡಲಿಲ್ಲ ಎಂಬುದರಲ್ಲಿ. ಅಪ್ಪನು ವಾರ್ತೆ ನೋಡುವಂತಿಲ್ಲ, ಅಮ್ಮನು ಧಾರಾವಾಹಿ ನೋಡುವಂತಿಲ್ಲ. ಪಕ್ಕದ ಮನೆಯ ಟಿವಿಯೂ ಸುಮ್ಮನಿರುವುದರಿಂದ ನಮ್ಮ ಮನೆಯಲ್ಲಿ ಮಾತ್ರ ಹೀಗೇಕೆಂದು ಮಗುವು ಕೇಳುವಂತಿಲ್ಲ. ಒಬ್ಬ ತಾಯಿಯು ಒಬ್ಬ ಮಗನೊಡನೆ ದಿನವೂ ಹೂಡಬೇಕಾಗಿದ್ದ ಜಗಳವನ್ನು ಊರೇ ತನ್ನ ಮೇಲೆ ಎಳೆದುಕೊಂಡು ಬಗೆಹರಿಸಿತು.

ಪ್ರಾಥಮಿಕ ಶಾಲೆಯು ಈ ಚರಿತ್ರೆಯಿಂದ ಪಡೆಯಬಹುದಾದ ವಿವೇಕವೂ ಇದೇ. ಯಂತ್ರವನ್ನು ಶಾಲೆಯಿಂದ ಹೊರಗಟ್ಟಬೇಕಾದದ್ದಿಲ್ಲ. ಹೊರಗಟ್ಟಿದರೆ ನಷ್ಟವಾಗುವುದು ಮನೆಯಲ್ಲಿ ಏನೂ ಇಲ್ಲದ ಮಗುವಿಗೇ, ಹಿಂದಿನ ಮಠದ ಬಾಗಿಲು ಮುಚ್ಚಿದ್ದುದರಿಂದ ಹೆಣ್ಣುಮಗುವಿಗೆ ನಷ್ಟವಾದಂತೆ. ಯಂತ್ರವು ಶಾಲೆಯದಾಗಿರಲಿ, ಅದರ ಮುಂದೆ ಮಕ್ಕಳು ಹಲವರು ಕೂಡಿ ಕೂರಲಿ, ಪಾಠಕ್ಕೆ ಮೊದಲೂ ಕೊನೆಯೂ ಇರಲಿ, ನೋಡಿದ್ದನ್ನು ಮೇಷ್ಟ್ರು ಮಾತನಾಡಿಸಿ ಹೊರಗೆ ತೆಗೆಸಲಿ. ಕೈಯಿಂದ ಬರೆಯುವುದರಲ್ಲಿಯೂ ಮಣ್ಣಿನಲ್ಲಿ ಆಡುವುದರಲ್ಲಿಯೂ ಕೈ ಕುದುರಿದ ಮೇಲೆ ಉಳಿದದ್ದು ಸರದಿಯಂತೆ ಬರಲಿ. ಮನೆಪಾಠವನ್ನು ವಾಟ್ಸ್ಯಾಪಿನಲ್ಲಿ ಕಳುಹಿಸಿ, ಮಗುವು ಮೊಬೈಲ್ ಬಿಡುವುದಿಲ್ಲವೆಂದು ಪೋಷಕರ ಸಭೆಯಲ್ಲಿ ದೂರುವ ಶಾಲೆಯು ಮೊದಲು ತನ್ನ ನಡೆಯನ್ನು ತಿದ್ದಿಕೊಳ್ಳಬೇಕು. ನಮ್ಮ ಸರಕಾರಿ ಶಾಲೆಗಳಲ್ಲಿ ಎರಡು ದಶಕಗಳಿಂದ ಎಸ್‌ಡಿಎಂಸಿಗಳು, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಇವೆ. ತಂದೆತಾಯಿಗಳೂ ಶಿಕ್ಷಕರೂ ಸೇರುವ ಆ ಸಭೆಗಳಲ್ಲಿ ಬಿಸಿಯೂಟ, ಶೌಚಾಲಯ, ಕಾಂಪೌಂಡುಗಳ ಮಾತು ನಡೆಯುತ್ತದೆ. ಊರಿನ ಮಕ್ಕಳ ಸಂಜೆಯ ಎರಡು ಗಂಟೆಗಳು ಹೇಗೆ ಕಳೆಯಲ್ಪಡಬೇಕು, ಆ ಹೊತ್ತಿನಲ್ಲಿ ಹಿರಿಯರ ಮೊಬೈಲು ಎಲ್ಲಿರಬೇಕು ಎಂಬ ವಿಷಯವನ್ನೂ ಅವುಗಳ ಮುಂದಿನ ಸಭೆಯ ನಡವಳಿಯಲ್ಲಿ ಸೇರಿಸುವುದಕ್ಕೆ ಯಾವ ಸರಕಾರದ ಆಜ್ಞೆಯೂ ಬೇಕಾಗಿಲ್ಲ.